ಜೆ ಪೆದ್ದನಲ್ಲ: ‘ಅನಿಮಲ್ ಕಿಂಗ್‌ಡಮ್’ ಪರವಾಗಿ ಒಂದು ಜಗಳ

ಡೇವಿಡ್ ಮಿಶೋ ಬರೆದು ನಿರ್ದೇಶಿಸಿದ ಆಸ್ಟ್ರೇಲಿಯಾದ ಸಿನಿಮಾ ‘ಅನಿಮಲ್ ಕಿಂಗ್‌ಡಮ್’ ತೆರೆಕಂಡದ್ದು 2010ರಲ್ಲಿ. ಅದು ಅವರ ಮೊದಲ ಕಥಾಚಿತ್ರ. ಆ ವರ್ಷದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಅದಕ್ಕೆ ಬಂತು. ಅಜ್ಜಿಯ ಪಾತ್ರ ಮಾಡಿದ ಜಾಕಿ ವೀವರ್ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಇಷ್ಟಾಗಿಯೂ ಈ ಸಿನಿಮಾ ನೋಡಿದ ನಾಲ್ಕು ಜನ ಒಂದೆಡೆ ಸೇರಿದರೆ ಜಗಳ ತಪ್ಪುವುದಿಲ್ಲ. ಒಂದು ಪಕ್ಷದವರು, ‘ಎರಡು ಗಂಟೆ ಕೂತರೂ ಏನೂ ಆಗುವುದಿಲ್ಲ. ಡಕಾಯಿತರ ಕತೆಯಲ್ಲಿ ಒಂದೇ ಒಂದು ಡಕಾಯಿತಿ ಇಲ್ಲ. ಆ ಹುಡುಗನ ಮುಖ ಮರದ ಹಲಗೆ’ ಎನ್ನುತ್ತಾರೆ. ಇನ್ನೊಂದು ಪಕ್ಷದವರು, ‘ಇದು ಆಸ್ಟ್ರೇಲಿಯಾದ ಗಾಡ್‌ಫಾದರ್. ಆ ಅಜ್ಜಿಯಂಥ ವಿಲನ್ ಇನ್ನೊಬ್ಬಳಿಲ್ಲ. ಕೊನೆಯ ಹೊಡೆತವಂತೂ ಅದ್ಭುತ’ ಎಂದು ಹಾರಾಡುತ್ತಾರೆ.

ನನ್ನ ತಕರಾರು ಈ ಎರಡೂ ಪಕ್ಷಗಳ ಮೇಲೆ. ಬೈಯುವವರೂ ಹೊಗಳುವವರೂ ಹುಡುಕುತ್ತಿರುವುದು ಒಬ್ಬ ನಾಯಕನನ್ನೇ. ಸಿಗಲಿಲ್ಲವೆಂದು ಒಬ್ಬರಿಗೆ ಸಿಟ್ಟು. ಸಿಗದ ಕಡೆಯಲ್ಲೂ ಅಜ್ಜಿಯನ್ನೋ ಮೊಮ್ಮಗನನ್ನೋ ಎತ್ತಿ ಪೀಠದ ಮೇಲೆ ಕೂರಿಸುವುದು ಇನ್ನೊಬ್ಬರ ಹಟ. ಅಪರಾಧಿ ಕುಟುಂಬವೊಂದರ ಕತೆ ಹೇಳುತ್ತಲೇ ಅಪರಾಧದ ಮೋಹವನ್ನು ಪ್ರೇಕ್ಷಕನಿಗೆ ಕೊಡದಿರುವುದೇ ಈ ಸಿನಿಮಾದ ದೊಡ್ಡ ಕೆಲಸ. ಇದರಲ್ಲಿ ದೋಷಗಳೂ ಇವೆ, ಆದರೆ ಅವು ಈ ಜಗಳ ನಡೆಯುತ್ತಿರುವ ಜಾಗದಲ್ಲಿಲ್ಲ. ಕತೆಯ ಕೊನೆಯನ್ನೂ ಇಲ್ಲಿ ಹೇಳಲಿದ್ದೇನೆ. ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.

ಕತೆ ಇಷ್ಟು. ಮೆಲ್ಬರ್ನ್‌ನ ಸಾಧಾರಣ ಮನೆಯೊಂದರಲ್ಲಿ ಹದಿನೇಳರ ಹುಡುಗ ಜೋಶುವಾ ಕೋಡಿ, ಎಲ್ಲರ ಬಾಯಲ್ಲಿ ‘ಜೆ’, ಸೋಫಾದ ಮೇಲೆ ಕೂತಿದ್ದಾನೆ. ಪಕ್ಕದಲ್ಲಿ ಅವನ ತಾಯಿ ಹೆರಾಯಿನ್ ಹೆಚ್ಚಾಗಿ ಸತ್ತಿದ್ದಾಳೆ. ಟಿವಿಯಲ್ಲಿ ದುಡ್ಡು ಗೆಲ್ಲುವ ಆಟದ ಕಾರ್ಯಕ್ರಮ. ಆಂಬುಲೆನ್ಸಿನವರು ಬಂದು ಅವಳನ್ನು ಪರೀಕ್ಷಿಸುತ್ತಿರುವಾಗಲೂ ಹುಡುಗನ ಕಣ್ಣು ಆಗಾಗ ಟಿವಿಯತ್ತ ಹೋಗುತ್ತದೆ. ಆಮೇಲೆ ಅವನು ಅಜ್ಜಿಗೆ ಫೋನ್ ಮಾಡುತ್ತಾನೆ. ಆ ಅಜ್ಜಿಯಿಂದಲೇ ತಾಯಿ ಇವನನ್ನು ಇಷ್ಟು ವರ್ಷ ದೂರ ಇಟ್ಟಿದ್ದಳು. ಅಜ್ಜಿ ಜನೀನ್, ಮನೆಯವರ ಬಾಯಲ್ಲಿ ‘ಸ್ಮರ್ಫ್’. ಅವಳ ಮಕ್ಕಳು ಮೂವರು: ಪೊಲೀಸರಿಗೆ ಸಿಗದೆ ತಲೆಮರೆಸಿಕೊಂಡಿರುವ ಪೋಪ್, ಮಾದಕ ವಸ್ತು ಮಾರುವ ಕ್ರೇಗ್, ಕಿರಿಯ ಡ್ಯಾರೆನ್. ಜೊತೆಗೆ ಪೋಪ್‌ನ ಗೆಳೆಯ ಬ್ಯಾಜ್. ಪೊಲೀಸರು ಬ್ಯಾಜ್‌ನನ್ನು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ, ಕಾರಿನೊಳಗೇ ಗುಂಡಿಟ್ಟು ಕೊಲ್ಲುತ್ತಾರೆ. ಸೇಡಿಗಾಗಿ ಪೋಪ್ ಮತ್ತು ತಮ್ಮಂದಿರು ಕದ್ದ ಕಾರೊಂದನ್ನು ಬಲೆಯಾಗಿ ಒಡ್ಡಿ ಇಬ್ಬರು ಎಳೆಯ ಪೊಲೀಸರನ್ನು ಕೊಲ್ಲುತ್ತಾರೆ. ಆ ಕಾರನ್ನು ಕದ್ದು ತಂದವನು ಜೆ. ಅಲ್ಲಿಂದ ಮುಂದೆ ಅವನು ಪೊಲೀಸರಿಗೂ ಬೇಕು, ಮನೆಯವರಿಗೂ ಬೇಕು.

ಮೊದಲ ಆಕ್ಷೇಪ: ಡಕಾಯಿತಿ ಎಲ್ಲಿ? ಇದೆ, ಶೀರ್ಷಿಕೆಗಳು ಬರುವಾಗ. ಬ್ಯಾಂಕಿನ ಭದ್ರತಾ ಕ್ಯಾಮೆರಾದಲ್ಲಿ ಸೆರೆಯಾದಂಥ ಮಸುಕು ಚಿತ್ರಗಳು, ಮುಖವಾಡ, ಬಂದೂಕು. ಅಷ್ಟಕ್ಕೇ ಮುಗಿಯಿತು. ಮಿಶೋ ಕತೆಯನ್ನು ಶುರು ಮಾಡುವುದೇ ಆ ಕಸುಬು ಮುಗಿದ ಮೇಲೆ. ಇನ್ನು ಈ ಆಟ ಸಾಕು, ಷೇರು ಮಾರುಕಟ್ಟೆಯಲ್ಲಿ ದುಡ್ಡು ಹಾಕೋಣ ಎನ್ನುವ ಬ್ಯಾಜ್ ಒಬ್ಬನೇ ಇದನ್ನು ಅರ್ಥ ಮಾಡಿಕೊಂಡವನು, ಮೊದಲು ಸಾಯುವವನೂ ಅವನೇ. ಉಳಿದವರಿಗೆ ಕಸುಬಿಲ್ಲ, ಕಸುಬಿನ ಸೊಕ್ಕು ಮಾತ್ರ ಉಳಿದಿದೆ. ಡಕಾಯಿತಿಯ ಯೋಜನೆ, ಓಟ, ಪಾರಾಗುವ ಖುಷಿಯನ್ನೆಲ್ಲ ತೋರಿಸಿದ್ದರೆ ನಾವು ಈ ಸಹೋದರರ ಜಾಣತನಕ್ಕೆ ಮರುಳಾಗುತ್ತಿದ್ದೆವು. ಆಮೇಲೆ ಅವರು ಮಾಡುವ ಕೊಲೆ ಆ ಜಾಣತನದ ಖಾತೆಯಲ್ಲಿ ಸಣ್ಣ ಖರ್ಚಾಗಿ ಕಾಣುತ್ತಿತ್ತು. ಮಿಶೋ ಆ ಖಾತೆಯನ್ನೇ ತೆರೆಯಲಿಲ್ಲ. ‘ಓಂ’ ಬಂದ 1995ರಿಂದ ಮಚ್ಚು ಲಾಂಗುಗಳ ಸಿನಿಮಾಗಳನ್ನು ನೋಡುತ್ತಲೇ ಬೆಳೆದ ನಮ್ಮ ಕಣ್ಣಿಗೆ ಇದು ಕೊರತೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಕಣ್ಣಿನ ಚಟವನ್ನು ಸಿನಿಮಾದ ದೋಷವೆಂದು ಬರೆಯಬಾರದು.

ಒಂದು ದೃಶ್ಯ ನೆನಪಿಸಿಕೊಳ್ಳಿ. ರಸ್ತೆಯಲ್ಲಿ ಇನ್ನೊಂದು ಕಾರಿನ ಹುಡುಗರು ಕೆಣಕುತ್ತಾರೆ. ಕ್ರೇಗ್ ಜೆ ಕೈಗೆ ಬಂದೂಕು ಕೊಟ್ಟು ಹೆದರಿಸಿ ಬಾ ಎನ್ನುತ್ತಾನೆ. ಬೇರೆ ಯಾವ ಸಿನಿಮಾದಲ್ಲೇ ಆಗಲಿ ಇಲ್ಲಿ ಹಿನ್ನೆಲೆ ಸಂಗೀತ ಏರಬೇಕು, ಹುಡುಗನ ಬೆನ್ನು ನೆಟ್ಟಗಾಗಬೇಕು, ಚಿತ್ರಮಂದಿರದಲ್ಲಿ ಶಿಳ್ಳೆ ಬೀಳಬೇಕು. ಇಲ್ಲಿ ಜೆ ಬಂದೂಕು ತೋರಿಸುತ್ತಾನೆ, ಅವರು ಹೆದರುತ್ತಾರೆ, ಇವನು ವಾಪಸು ಬಂದು ಕೂರುತ್ತಾನೆ. ಹುಡುಗ ಗಂಡಸಾದ ಎಂದು ಸಂಭ್ರಮಿಸಲು ಕ್ಯಾಮೆರಾ ಒಪ್ಪುವುದಿಲ್ಲ. ‘ಏನೂ ಆಗುವುದಿಲ್ಲ’ ಎನ್ನುವವರು ಹೇಳುತ್ತಿರುವುದು ನಿಜವಾಗಿ, ‘ನಮಗೆ ಶಿಳ್ಳೆ ಹೊಡೆಯಲು ಜಾಗ ಬಿಟ್ಟಿಲ್ಲ’ ಎಂದು.

ಎರಡನೆಯ ಆಕ್ಷೇಪ ಇನ್ನೂ ಜೋರಿನದು: ಜೇಮ್ಸ್ ಫ್ರೆಶ್‌ವಿಲ್‌ಗೆ ನಟನೆ ಬರುವುದಿಲ್ಲ, ಜೆ ಒಬ್ಬ ಪೆದ್ದ. ಬೆನ್ ಮೆಂಡಲ್‌ಸನ್, ಜೋಯೆಲ್ ಎಡ್ಜರ್ಟನ್, ಗೈ ಪಿಯರ್ಸ್‌ರಂಥ ಪಳಗಿದ ನಟರ ನಡುವೆ ಆ ಹೊಸ ಹುಡುಗ ಮಂಕಾಗಿ ಕಾಣುತ್ತಾನೆ, ನಿಜ. ಆದರೆ ಮೊದಲ ದೃಶ್ಯದ ಸೋಫಾಕ್ಕೆ ಹಿಂತಿರುಗಿ. ನಶೆಯಲ್ಲಿರುವ ತಾಯಿಯ ಜೊತೆ ಬೆಳೆದ ಮಗುವಿಗೆ ತನ್ನ ಮುಖದಲ್ಲಿ ಏನೂ ಕಾಣದಂತೆ ಇರುವುದು ಬದುಕುಳಿಯುವ ವಿದ್ಯೆ. ಅತ್ತರೆ ಸಮಾಧಾನ ಮಾಡುವವರಿಲ್ಲ, ನಕ್ಕರೆ ಜೊತೆಗೂಡುವವರಿಲ್ಲ. ತಾಯಿ ಸತ್ತ ಕೋಣೆಯಲ್ಲಿ ಟಿವಿ ನೋಡುವವನು ಭಾವಹೀನನಲ್ಲ. ಆ ಹೊತ್ತಿಗೆ ಯಾವ ಭಾವ ತೋರಿಸಬೇಕೆಂದು ಯಾರೂ ಕಲಿಸದವನು. ಅವನು ಕುಸಿದು ಅಳುವುದು ಗೆಳತಿ ನಿಕಿಯ ಸಾವಿನ ನಂತರ, ಅದೂ ಬಚ್ಚಲುಮನೆಯ ಬಾಗಿಲು ಮುಚ್ಚಿಕೊಂಡು. ಬಾಗಿಲು ತೆರೆದು ಹೊರಬಂದರೆ ಮತ್ತೆ ಅದೇ ಮುಖ.

ಈ ಮುಖವನ್ನು ಓದಲಾಗದ ಪ್ರೇಕ್ಷಕ ಸಿನಿಮಾದೊಳಗಿನ ಎಲ್ಲರ ಸಾಲಿನಲ್ಲೇ ನಿಲ್ಲುತ್ತಾನೆ. ಮಾವಂದಿರು ಇವನನ್ನು ಪೆದ್ದ ಎಂದುಕೊಂಡು ಕಾರು ಕದಿಯಲು ಕಳಿಸುತ್ತಾರೆ. ಪೊಲೀಸ್ ಅಧಿಕಾರಿ ಲೆಕಿ ಇವನನ್ನು ದುರ್ಬಲ ಎಂದುಕೊಂಡು ಸಾಕ್ಷಿಯಾಗಿಸಲು ನೋಡುತ್ತಾನೆ. ಅಜ್ಜಿ ಇವನನ್ನು ಲೆಕ್ಕಕ್ಕಿಲ್ಲದವನೆಂದುಕೊಂಡು ಕೊಲ್ಲಿಸಲು ಹೊರಡುತ್ತಾಳೆ. ಕೊನೆಯಲ್ಲಿ ನ್ಯಾಯಾಲಯ, ಪೊಲೀಸರು, ಮನೆ ಎಲ್ಲರೂ ತಪ್ಪು ಓದಿದ್ದ ಆ ಮುಖವೇ ಅವನನ್ನು ಪಾರು ಮಾಡುತ್ತದೆ. ‘ಹಲಗೆ’ ಎಂದು ಅಂಕ ಕಳೆಯುವವರು ಪೋಪ್‌ನ ತಪ್ಪನ್ನೇ ಮಾಡುತ್ತಿದ್ದಾರೆ. ಒಂದು ಮಾತು ಒಪ್ಪುತ್ತೇನೆ. ಮೊದಲ ಭಾಗದಲ್ಲಿ ಜೆ ತನ್ನ ದನಿಯಲ್ಲೇ ಹೇಳುವ ನಿರೂಪಣೆ ಬೇಕಿರಲಿಲ್ಲ. ಇಷ್ಟು ಮೌನದ ಹುಡುಗ ನಮ್ಮ ಕಿವಿಯಲ್ಲಿ ಮಾತ್ರ ಬಾಯಿಬಿಟ್ಟು ಮನೆಯವರನ್ನೆಲ್ಲ ಪರಿಚಯಿಸುವುದು ಅಳುಕಿನ ಚಿತ್ರಕಥೆ. ನಟನನ್ನು ಬೈಯುವ ಬದಲು ಇದನ್ನು ಬೈದಿದ್ದರೆ ನ್ಯಾಯವಿತ್ತು.

ಇನ್ನು ಹೊಗಳುವವರ ಕಡೆ ತಿರುಗುತ್ತೇನೆ. ಸ್ಮರ್ಫ್‌ಳನ್ನು ‘ಕ್ವೀನ್’ ಎಂದು ಕೊಂಡಾಡುವವರು ಅವಳನ್ನು ಸರಿಯಾಗಿ ನೋಡಿದ್ದಾರೆಯೇ? ಅವಳು ಇಡೀ ಸಿನಿಮಾದಲ್ಲಿ ಒಬ್ಬರಿಗೂ ಕೈ ಎತ್ತುವುದಿಲ್ಲ, ದನಿ ಏರಿಸುವುದು ಅಪರೂಪ. ಬೆಳೆದ ಮಕ್ಕಳನ್ನು ಹತ್ತಿರ ಕರೆದು ತುಟಿಗೆ ಮುತ್ತಿಡುತ್ತಾಳೆ. ಆ ಮುತ್ತು ಬೇಕಾದ್ದಕ್ಕಿಂತ ಒಂದೆರಡು ಕ್ಷಣ ಹೆಚ್ಚೇ ಉಳಿಯುತ್ತದೆ, ನೋಡುವವರಿಗೆ ಕಸಿವಿಸಿಯಾಗುತ್ತದೆ. ಅವಳ ಆಡಳಿತ ನಡೆಯುವುದು ಆ ಮುತ್ತಿನಿಂದ, ಊಟ ಬಡಿಸುವುದರಿಂದ, ‘ಕಂದಾ’ ಎಂದು ಕರೆಯುವುದರಿಂದ. ಮಾಫಿಯಾದ ಡಾನ್ ಆಜ್ಞೆ ಕೊಡುತ್ತಾನೆ. ಸ್ಮರ್ಫ್ ಅಕ್ಕರೆ ತೋರಿಸುತ್ತಾಳೆ, ಮಕ್ಕಳು ಆ ಅಕ್ಕರೆ ತಪ್ಪಬಾರದೆಂದು ಏನು ಬೇಕಾದರೂ ಮಾಡುತ್ತಾರೆ. ಭ್ರಷ್ಟ ಪೊಲೀಸನೊಬ್ಬನ ಎದುರು ಕೂತು ಸ್ವಂತ ಮೊಮ್ಮಗನ ಕೊಲೆಯ ಮಾತು ಶುರು ಮಾಡುವಾಗಲೂ ಅವಳ ಧ್ವನಿ ಪಕ್ಕದ ಮನೆಯ ಹಿರಿಯಾಕೆಯದೇ.

ಆದ್ದರಿಂದ ಗಾಡ್‌ಫಾದರ್ ಹೋಲಿಕೆ ನಿಲ್ಲುವುದಿಲ್ಲ. ಅಲ್ಲಿ ಕುಟುಂಬಕ್ಕೊಂದು ಘನತೆ ಇದೆ, ಮದುವೆ ಇದೆ, ಪರಂಪರೆ ಇದೆ. ಅದರ ಪತನವೂ ಭವ್ಯವಾಗಿದೆ. ಕೋಡಿ ಮನೆಯಲ್ಲಿ ಪತನಗೊಳ್ಳಲು ಎತ್ತರವೇ ಇಲ್ಲ. ಇವರದು ಉಪನಗರದ ಮಾಮೂಲಿ ಮನೆ, ಇವರ ಸಂಧಾನಗಳು ನಡೆಯುವುದು ಸೂಪರ್ ಮಾರ್ಕೆಟ್ಟಿನಲ್ಲಿ. ಪೋಪ್ ಮೆಲ್ಬರ್ನ್‌ನದೇ ವಾದ್ಯತಂಡವಾದ ‘ಏರ್ ಸಪ್ಲೈ’ಯ ಹಳೆಯ ಪ್ರೇಮಗೀತೆಯನ್ನು ಟಿವಿಯಲ್ಲಿ ನೋಡುತ್ತಾ ಅಲುಗಾಡದೆ ಕೂತಿರುವ ದೃಶ್ಯ ನನಗೆ ಇಡೀ ಸಿನಿಮಾದ ಅತಿ ಭಯಾನಕ ಹೊತ್ತು. ಬಂದೂಕಿಲ್ಲ, ಬೈಗುಳವಿಲ್ಲ. ಒಳಗೆ ಏನು ಕುದಿಯುತ್ತಿದೆ ಎಂದು ಗೊತ್ತಾಗದ ಮನುಷ್ಯನೊಬ್ಬ ಎಲ್ಲರಿಗೂ ಗೊತ್ತಿರುವ ಹಾಡು ಕೇಳುತ್ತಿದ್ದಾನೆ, ಅಷ್ಟೇ. ಇವನನ್ನು ಪೋಸ್ಟರ್ ಮಾಡಿ ಗೋಡೆಗೆ ಅಂಟಿಸಲು ಸಾಧ್ಯವಿಲ್ಲ.

ಆಸ್ಟ್ರೇಲಿಯಾದ ಸಿನಿಮಾ ಚರಿತ್ರೆಯಲ್ಲಿ ಇದಕ್ಕೆ ಹೆಚ್ಚಿನ ಅರ್ಥವಿದೆ. ಜಗತ್ತಿನ ಮೊದಲ ಪೂರ್ಣಾವಧಿ ಕಥಾಚಿತ್ರವೆಂದು ಹೆಸರಾದ ‘ದ ಸ್ಟೋರಿ ಆಫ್ ದ ಕೆಲ್ಲಿ ಗ್ಯಾಂಗ್’ 1906ರಲ್ಲಿ ತಯಾರಾದದ್ದು ಇದೇ ಮೆಲ್ಬರ್ನ್‌ನಲ್ಲಿ. ಅದೂ ಒಂದು ಅಪರಾಧಿ ಕುಟುಂಬದ ಕತೆ. ನೆಡ್ ಕೆಲ್ಲಿ, ಅವನ ತಮ್ಮ ಡ್ಯಾನ್ ಮತ್ತವರ ಸಂಗಡಿಗರ ತಂಡ 1878ರಲ್ಲಿ ಮೂವರು ಪೊಲೀಸರನ್ನು ಕೊಂದಿತು. 1880ರ ನವೆಂಬರ್ 11ರಂದು ಕೆಲ್ಲಿಯನ್ನು ಮೆಲ್ಬರ್ನ್ ಜೈಲಿನಲ್ಲಿ ಗಲ್ಲಿಗೇರಿಸಿದಾಗ ಅವನ ತಾಯಿ ಎಲೆನ್ ಅದೇ ಜೈಲಿನಲ್ಲಿದ್ದಳು. ಬಡ ಐರಿಶ್ ವಲಸಿಗರ ಮೇಲಿನ ಪೊಲೀಸ್ ದಬ್ಬಾಳಿಕೆಗೆ ಎದುರಾಗಿ ನಿಂತವನೆಂದು ಕೆಲ್ಲಿ ಜನಪದ ನಾಯಕನಾದ. ಆ ಕತೆಯಲ್ಲಿ ಸತ್ಯವೂ ಇದೆ, ಮೋಹವೂ ಇದೆ. ಪೊಲೀಸರನ್ನು ಕೊಂದ ಅಣ್ಣತಮ್ಮಂದಿರು, ಅವರ ಹಿಂದೆ ಗಟ್ಟಿಗಿತ್ತಿ ತಾಯಿ: ಆ ದೇಶದ ಸಿನಿಮಾ ಹುಟ್ಟಿದ್ದೇ ಈ ಚಿತ್ರದೊಂದಿಗೆ. 2000ದ ‘ಚಾಪರ್’, 2008ರ ‘ಅಂಡರ್‌ಬೆಲ್ಲಿ’ ಧಾರಾವಾಹಿಯವರೆಗೂ ಅಪರಾಧಿಯ ಸುತ್ತ ಒಂದು ಪ್ರಭಾವಳಿ ಉಳಿದೇ ಇತ್ತು. ಮಿಶೋ ಅದೇ ಸಾಮಗ್ರಿ ಎತ್ತಿಕೊಂಡರು: ಪೊಲೀಸರನ್ನು ಕೊಲ್ಲುವ ಅಣ್ಣತಮ್ಮಂದಿರು, ತಾಯಿ, ಗುಂಡು ಹಾರಿಸಲು ಹಿಂಜರಿಯದ ಪೊಲೀಸರು. ಪ್ರಭಾವಳಿಯನ್ನು ಮಾತ್ರ ತೆಗೆದುಹಾಕಿದರು. ನಾಯಕ ಬೇಕೆಂದು ಕೇಳುವ ಪ್ರೇಕ್ಷಕರು ಅವರು ಕಷ್ಟಪಟ್ಟು ತೆಗೆದದ್ದನ್ನು ಮತ್ತೆ ತಂದಿಡಿ ಎನ್ನುತ್ತಿದ್ದಾರೆ.

ಈ ಸಿನಿಮಾದ ಹಿಂದೆ ನಿಜದ ನೆತ್ತರೂ ಇದೆ. 1988ರ ಅಕ್ಟೋಬರ್ 12ರ ನಸುಕಿನಲ್ಲಿ ಮೆಲ್ಬರ್ನ್‌ನ ಸೌತ್ ಯಾರಾದ ವಾಲ್ಶ್ ಸ್ಟ್ರೀಟ್‌ನಲ್ಲಿ ಬಿಟ್ಟುಹೋದ ಕಾರೊಂದನ್ನು ಪರೀಕ್ಷಿಸಲು ಬಂದ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಗುಂಡಿಟ್ಟು ಕೊಂದರು. ಸ್ಟೀವನ್ ಟೈನನ್‌ಗೆ 22 ವರ್ಷ, ಡೇಮಿಯನ್ ಐರ್‌ಗೆ 20. ಅದರ ಹಿಂದಿನ ದಿನವಷ್ಟೇ ಪೊಲೀಸರು ಡಕಾಯಿತಿಯ ಶಂಕಿತನೊಬ್ಬನನ್ನು ಗುಂಡಿಕ್ಕಿ ಕೊಂದಿದ್ದರು. ಕೊಲೆ ಆರೋಪ ಹೊತ್ತ ನಾಲ್ವರೂ 1991ರಲ್ಲಿ ಖುಲಾಸೆಯಾದರು. ಆ ಪ್ರಕರಣದಲ್ಲೂ ಹದಿಹರೆಯದ ಸೋದರಳಿಯನೊಬ್ಬ ಸಾಕ್ಷಿಯಾಗಿದ್ದ. ಮಿಶೋ ಇದರಿಂದ ಪ್ರೇರಣೆ ಪಡೆದು ಕಾಲ ಬದಲಿಸಿದರು, ಹೆಸರು ಬದಲಿಸಿದರು, ಪಾತ್ರಗಳನ್ನು ಹೊಸದಾಗಿ ಕಟ್ಟಿದರು. ಆದರೆ ಮೆಚ್ಚಿಕೊಂಡು ಮಾತಾಡುವವರಲ್ಲಿ ಹಲವರು, ‘ಇದು ನಿಜ ಘಟನೆ, ಹೀಗೇ ಆಗಿದ್ದು’ ಎಂದು ಸಾರುತ್ತಾರೆ. ಇದು ಅನ್ಯಾಯ. ನ್ಯಾಯಾಲಯ ಖುಲಾಸೆ ಮಾಡಿದವರ ಮೇಲೆ ಸಿನಿಮಾದ ಪೋಪ್‌ನ ಅಪರಾಧವನ್ನು ಹೊರಿಸಲು ನಮಗೆ ಹಕ್ಕಿಲ್ಲ. ಸತ್ತ ಇಬ್ಬರು ಹುಡುಗರನ್ನು ಒಂದು ಥ್ರಿಲ್ಲರ್‌ನ ತಿರುವಾಗಿ ಮಾತ್ರ ನೆನೆಯುವುದೂ ಸಲ್ಲದು. ಸಿನಿಮಾ ಆ ಕೊಲೆಯನ್ನು ಚುಟುಕಾಗಿ, ಯಾವ ರಂಜನೆಯೂ ಇಲ್ಲದೆ ತೋರಿಸಿ ಮುಂದೆ ಹೋಗುತ್ತದೆ. ಪೊಲೀಸರಿಗೆ ಅದು ಅಗೌರವ ಎನ್ನುವ ಆಕ್ಷೇಪ ಕೇಳಿದ್ದೇನೆ. ನಿಧಾನಗತಿಯಲ್ಲಿ, ಸಂಗೀತ ಹಾಕಿ, ನೆತ್ತರು ಚಿಮ್ಮಿಸಿ ತೋರಿಸಿದ್ದರೆ ಗೌರವ ಆಗುತ್ತಿತ್ತೇ?

ಈಗ ನಿಜವಾಗಿ ಜಗಳ ಆಡಬೇಕಾದ ಎರಡು ವಿಷಯ. ಒಂದು, ನಿಕಿ. ಅವಳು ಜೆಯ ಗೆಳತಿ. ನೆಮ್ಮದಿಯ ಮನೆಯಿಂದ ಬಂದವಳು, ಈ ಮನೆಯ ಅಪಾಯ ಅರಿಯದವಳು. ಪೋಪ್ ಅವಳಿಗೆ ಹೆರಾಯಿನ್ ಕೊಟ್ಟು ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಜೆಯ ತಾಯಿಯನ್ನು ಕೊಂದ ವಸ್ತುವೇ ಅವನ ಗೆಳತಿಯ ಮೈಗೂ ಇಳಿಯುತ್ತದೆ ಎಂಬ ಕಟ್ಟೋಣ ಬಿಗಿಯಾಗಿದೆ. ಆದರೆ ನಿಕಿ ಏನು ಬಯಸಿದ್ದಳು, ಏನು ಯೋಚಿಸುತ್ತಿದ್ದಳು ಎಂಬುದು ನಮಗೆ ತಿಳಿಯುವುದಿಲ್ಲ. ಹುಡುಗನೊಬ್ಬ ಎಚ್ಚೆತ್ತುಕೊಳ್ಳಲಿ ಎಂದು ಹುಡುಗಿಯನ್ನು ಸಾಯಿಸುವುದು ಅಪರಾಧ ಕಥನದ ಹಳೆಯ ಸೋಮಾರಿತನ. ಉಳಿದೆಲ್ಲ ಕಡೆ ಹಳೆಯ ಚಟಗಳನ್ನು ಬಿಟ್ಟ ಮಿಶೋ ಇಲ್ಲಿ ಬಿಟ್ಟಿಲ್ಲ. ಸ್ಮರ್ಫ್‌ಳಿಗೆ ಕೊಟ್ಟ ಆಳದಲ್ಲಿ ಹತ್ತರಲ್ಲೊಂದು ಪಾಲು ನಿಕಿಗೆ ಕೊಟ್ಟಿದ್ದರೆ ಜೆಯ ಆ ಬಚ್ಚಲುಮನೆಯ ಅಳು ನಮ್ಮದೂ ಆಗುತ್ತಿತ್ತು. ಅಭಿಮಾನಿಗಳು ಈ ಬಗ್ಗೆ ಬಾಯಿ ಬಿಡುವುದಿಲ್ಲ. ಅಜ್ಜಿಯ ಗುಣಗಾನದಲ್ಲಿ ಅವರಿಗೆ ಪುರುಸೊತ್ತಿಲ್ಲ.

ಎರಡು, ಶೀರ್ಷಿಕೆ. ಲೆಕಿ ಜೆಯನ್ನು ಎದುರಿಗೆ ಕೂರಿಸಿಕೊಂಡು ಕಾಡಿನ ಪಾಠ ಹೇಳುತ್ತಾನೆ: ಬಲವಿರುವ ಜೀವಿಗಳಿವೆ, ದುರ್ಬಲ ಜೀವಿಗಳಿವೆ, ಎಲ್ಲವೂ ತಮ್ಮ ತಮ್ಮ ಜಾಗ ತಿಳಿದುಕೊಂಡು ಬದುಕುತ್ತವೆ, ನೀನು ದುರ್ಬಲ, ನಿನಗೆ ಆಸರೆ ಬೇಕು ಎಂದು ಅದರ ಸಾರ. ಹಲವರು ಇದನ್ನೇ ಸಿನಿಮಾದ ಸಂದೇಶವೆಂದು ಹಿಡಿದುಕೊಂಡಿದ್ದಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರಿದೆ, ಮತ್ಸ್ಯನ್ಯಾಯ: ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು. ಅರ್ಥಶಾಸ್ತ್ರ ಈ ಮಾತನ್ನು ಬಳಸುವುದು ಎಚ್ಚರಿಕೆಯಾಗಿ. ದಂಡನೀತಿ ಇಲ್ಲದ ಕಡೆ ಹೀಗಾಗುತ್ತದೆ, ಅದಕ್ಕೇ ರಾಜದಂಡ ಬೇಕು ಎಂದು. ಈ ಸಿನಿಮಾದಲ್ಲಿ ಆ ದಂಡ ಯಾರ ಕೈಯಲ್ಲಿದೆ ನೋಡಿ. ಬ್ಯಾಜ್‌ನನ್ನು ಕಾರಿನೊಳಗೇ ಕೊಲ್ಲುವವರು ಪೊಲೀಸರು. ರಕ್ಷಣೆಯಲ್ಲಿರುವ ಸಾಕ್ಷಿಯ ಅಡಗುತಾಣವನ್ನು ಸ್ಮರ್ಫ್‌ಗೆ ಒದಗಿಸುವವನು ಪೊಲೀಸ್. ಅಲ್ಲಿಗೆ ಬಂದೂಕು ಹಿಡಿದು ನುಗ್ಗುವವರೂ ಪೊಲೀಸರೇ. ಜೆ ಬೇಲಿ ಹಾರಿ ಓಡಬೇಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಊರಿನಲ್ಲಿ ಬೇಲಿಯ ಪರವಾಗಿ ಬಂದವನೊಬ್ಬ ಹುಡುಗನಿಗೆ ಕಾಡಿನ ನಿಯಮ ಬೋಧಿಸುತ್ತಿದ್ದಾನೆ. ಲೆಕಿ ಸ್ವತಃ ಸಜ್ಜನ, ಸಂಶಯವಿಲ್ಲ. ಆದರೆ ಮನುಷ್ಯರು ಕಟ್ಟಿದ ವ್ಯವಸ್ಥೆಯೊಂದು ಕೆಟ್ಟಿರುವುದನ್ನು ಪ್ರಕೃತಿಯ ನಿಯಮವೆಂದು ಹೇಳಿಬಿಟ್ಟರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಪೋಪ್ ಕಾಡುಪ್ರಾಣಿಯಲ್ಲ. ಅವನಿಗೆ ತಾಯಿ ಇದ್ದಳು, ವಕೀಲರಿದ್ದರು, ಅವನನ್ನು ಹುಟ್ಟುಹಾಕಿದ ಊರಿತ್ತು.

ಮಿಶೋ ಈ ರೂಪಕವನ್ನು ಒಪ್ಪುತ್ತಾರೆಯೋ ಪ್ರಶ್ನಿಸುತ್ತಾರೆಯೋ ಎಂಬಲ್ಲಿ ಸಿನಿಮಾ ಪೂರ್ತಿ ಸ್ಪಷ್ಟವಾಗಿಲ್ಲ. ಶೀರ್ಷಿಕೆಯಾಗಿ ಅದನ್ನೇ ಇಟ್ಟಿರುವುದರಿಂದ ಒಪ್ಪಿದಂತೆ ಕಾಣುತ್ತದೆ. ಕತೆ ಮಾತ್ರ ಬೇರೆ ಹೇಳುತ್ತದೆ: ಇಲ್ಲಿ ದುರ್ಬಲನನ್ನು ಬಲಿಷ್ಠರು ಕಾಪಾಡುವುದಿಲ್ಲ, ಬಲಿಷ್ಠನೆನಿಸಿದವನು ಉಳಿಯುವುದೂ ಇಲ್ಲ. ಬಂದೂಕಿನ ಕ್ರೇಗ್ ಬಯಲಲ್ಲಿ ಓಡುತ್ತಾ ಪೊಲೀಸರ ಗುಂಡಿಗೆ ಬೀಳುತ್ತಾನೆ. ಈ ಬಿರುಕನ್ನು ಹಿಡಿದು ಚರ್ಚಿಸುವುದು ಬಿಟ್ಟು ‘ಬೋರ್’, ‘ಮಾಸ್ಟರ್‌ಪೀಸ್’ ಎಂದು ಎರಡು ಪದಗಳಲ್ಲಿ ನಾವು ಕೈ ತೊಳೆದುಕೊಳ್ಳುತ್ತಿದ್ದೇವೆ.

ಕೊನೆಗೆ ಆ ಕೊನೆಯ ದೃಶ್ಯ. ಜೆಯ ಸಾಕ್ಷ್ಯ ತಿರುಗಿದ್ದರಿಂದ ಪೋಪ್ ಮತ್ತು ಡ್ಯಾರೆನ್ ಬಿಡುಗಡೆಯಾಗಿದ್ದಾರೆ. ಜೆ ಅಜ್ಜಿಯ ಮನೆಗೆ ಮರಳುತ್ತಾನೆ. ಕೋಣೆಯಲ್ಲಿ ಪೋಪ್ ಏನೋ ಮಾತಾಡುತ್ತಿರುವಾಗಲೇ ಅವನ ತಲೆಗೆ ಗುಂಡು ಹೊಡೆಯುತ್ತಾನೆ. ಹೊರಗೆ ಬಂದು ಅಜ್ಜಿಯನ್ನು ತಬ್ಬಿಕೊಳ್ಳುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಗುಂಡಿನ ಸದ್ದಿಗೆ ಚಪ್ಪಾಳೆ ತಟ್ಟುವವರು ಆ ಅಪ್ಪುಗೆಯನ್ನು ನೋಡುವುದೇ ಇಲ್ಲ. ನ್ಯಾಯ ಸಿಕ್ಕಿತು ಎಂದಾದರೆ ಜೆ ಆ ಮನೆಯಿಂದ ಹೊರಟುಹೋಗಬೇಕಿತ್ತು. ಅವನು ಹೊರಡುವುದಿಲ್ಲ. ಪೋಪ್ ಖಾಲಿ ಮಾಡಿದ ಜಾಗಕ್ಕೆ ಆ ಮನೆಯಲ್ಲಿ ಮೊಮ್ಮಗ ಬಂದಿದ್ದಾನೆ. ತಾಯಿ ಹದಿನೇಳು ವರ್ಷ ಯಾವುದರಿಂದ ಇವನನ್ನು ದೂರ ಇಟ್ಟಿದ್ದಳೋ ಅದರ ತೋಳೊಳಗೆ ಇವನು ತಾನಾಗಿ ಹೋಗಿ ನಿಂತಿದ್ದಾನೆ. ಅಜ್ಜಿಯ ಮುಖದಲ್ಲಿ ಆ ಕ್ಷಣ ಕಾಣುವುದು ದುಃಖವೋ ಭಯವೋ ಲೆಕ್ಕಾಚಾರವೋ ಹೇಳುವುದು ಕಷ್ಟ.

ಇದನ್ನು ಗೆಲುವು ಎನ್ನುವುದಾದರೆ ಲೆಕಿಯ ಕಾಡಿನ ಪಾಠವನ್ನು ನಾವು ಪೂರ್ತಿ ಒಪ್ಪಿಕೊಂಡೆವು ಎಂದರ್ಥ. ಹದಿನೇಳರ ಹುಡುಗನೊಬ್ಬ ಕೊಲೆಗಾರನಾದದ್ದಕ್ಕೆ ನಮಗೆ ಹಗುರೆನಿಸಿದರೆ, ಆ ಹಗುರದ ಬಗ್ಗೆ ಚರ್ಚೆ ನಡೆಯಲಿ. ಮುಂದಿನ ಸಲ ನಿಮ್ಮ ಕಾಲೇಜಿನ ಫಿಲ್ಮ್ ಕ್ಲಬ್‌ನಲ್ಲಿ ಈ ಸಿನಿಮಾ ಹಾಕಿದಾಗ ‘ಎಷ್ಟು ಸ್ಟಾರ್ ಕೊಡುತ್ತೀರಿ’ ಎಂದು ಕೇಳಬೇಡಿ. ಪೋಪ್ ಬಿದ್ದಾಗ ಯಾರು ಯಾರು ನಿಟ್ಟುಸಿರು ಬಿಟ್ಟರು ಎಂದು ಕೇಳಿ. ಕೈ ಎತ್ತಿದವರಿಂದಲೇ ಮಾತು ಶುರುವಾಗಲಿ.